ಸಾಲ್ಕಣಿಯ ಮರ, ಹೊನ್ನಾವರದ ಮೊಟ್ಟೆ

1983ರ ಸೆಪ್ಟೆಂಬರ್ 8. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಹೆಂಗಸರು, ಗಂಡಸರು ಕಾಡಿಗೆ ನಡೆದು ಹೋಗಿ, ಕೊಡಲಿಗೆ ಬೀಳಲಿದ್ದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಬಗೆಬಗೆಯ ಮರಗಳಿದ್ದ ಕಾಡು ಕಡಿದು ಸಾಗವಾನಿ ನೆಟ್ಟರೆ ತೋಟಕ್ಕೆ ಸೊಪ್ಪು ಎಲ್ಲಿಂದ, ಹಳ್ಳಕ್ಕೆ ನೀರು ಎಲ್ಲಿಂದ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಳಿಸು, ಬೆಳೆಸು, ಬಳಸು: ಚಳವಳಿಯ ಘೋಷಣೆಯಲ್ಲಿ 'ಬಳಸು' ಇದ್ದದ್ದೇ ಅದರ ದೊಡ್ಡತನ.

ಘಟ್ಟ ಇಳಿದರೆ ಹೊನ್ನಾವರದ ಕಡಲತೀರ; ಅಲ್ಲೂ ಕಾಯುವವರು ಊರಿನವರೇ. ಆಲಿವ್ ರಿಡ್ಲಿ ಆಮೆ ರಾತ್ರಿ ದಡಕ್ಕೆ ಬಂದು, ಮರಳು ಬಗೆದು, ನೂರರಷ್ಟು ಮೊಟ್ಟೆಯಿಟ್ಟು ಮರಳಿ ಹೋಗುತ್ತದೆ. ಬೆಳಿಗ್ಗೆ ಅದರ ಹೆಜ್ಜೆಯ ಜಾಡು ಮೊದಲು ಕಾಣುವುದು ಮೀನುಗಾರರಿಗೇ. ಅವರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ನಾಯಿ, ನರಿ ಮುಟ್ಟದಂತೆ ಗೂಡಿನ ಸುತ್ತ ಬಲೆ ಕಟ್ಟುತ್ತಾರೆ. ಮರಿ ಹೊರಬರಲು ಸುಮಾರು ಐವತ್ತು ದಿನ ಬೇಕು. ಅಷ್ಟೂ ದಿನ ಕಾಯುವ ಕೆಲಸ ಊರಿನವರಿಲ್ಲದೆ ಯಾವ ಇಲಾಖೆಯಿಂದಲೂ ಆಗದು.

ಆದರೆ ಅದೇ ತೀರಕ್ಕೆ ದೊಡ್ಡ ಯೋಜನೆ ಬಂದಾಗ ಈ ಊರಿನವರ ಮಾತು ಎಷ್ಟು ನಡೆಯುತ್ತದೆ?

2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲೇ ಪ್ರಕಟಣೆ ಕೊಡಬೇಕು, ಯೋಜನೆಯ ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಯೋಜನೆಯ ಸುದ್ದಿ ಕಿವಿಗೆ ಬಿದ್ದ ದಿನವೇ ಊರಿನವರು ಆ ಕನ್ನಡ ಪ್ರತಿಯನ್ನು ಕೇಳಿ ಪಡೆದು, ಪಂಚಾಯಿತಿಯಲ್ಲಿ ಗಟ್ಟಿಯಾಗಿ ಓದಿಸಬೇಕು.