ಕೆರೆ ದಂಡೆಯ ಪುಟ್ಟ ಕಾಡು

ಮಕ್ಕಳಿಗೆ ವನ್ಯಜೀವಿ ತೋರಿಸಲು ಬಂಡೀಪುರದವರೆಗೇ ಹೋಗಬೇಕೆಂದಿಲ್ಲ. ಭಾನುವಾರ ಬೆಳಿಗ್ಗೆ ಮನೆಮಂದಿಯೆಲ್ಲ ಬೆಂಗಳೂರಿನ ಕಗ್ಗದಾಸಪುರ ಕೆರೆ ದಂಡೆಗೆ ಬನ್ನಿ. ಬಿಸಿಲೇರುವ ಮುನ್ನ ಏರೋಪ್ಲೇನ್ ಚಿಟ್ಟೆಗಳ ಮೈ ಇನ್ನೂ ಬೆಚ್ಚಗಾಗಿರುವುದಿಲ್ಲ, ಹುಲ್ಲಿನ ತುದಿಯಲ್ಲಿ ಅಲುಗಾಡದೆ ಕೂತಿರುತ್ತವೆ. ಫೋಟೊಗೆ ಅದೇ ಹೊತ್ತು.

ಯಾವ ಕ್ಯಾಮೆರಾ ಎನ್ನುವವರಿಗೆ: ಬಾಡಿಗಿಂತ ಲೆನ್ಸ್ ಮುಖ್ಯ. 1:1 ಮ್ಯಾಕ್ರೊ ಲೆನ್ಸ್ ಕೀಟವನ್ನು ಸೆನ್ಸರ್ ಮೇಲೆ ನಿಜ ಗಾತ್ರದಲ್ಲೇ ಮೂಡಿಸುತ್ತದೆ. 60 ಎಂಎಂಗಿಂತ 100 ಎಂಎಂ ವಾಸಿ; ತುಸು ದೂರದಿಂದಲೇ ತೆಗೆಯಬಹುದು, ಕೀಟ ಅಷ್ಟಾಗಿ ಬೆದರದು. ದುಡ್ಡು ಕಡಿಮೆಯಿದ್ದರೆ ಇರುವ ಲೆನ್ಸಿಗೇ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿ. ಅದರೊಳಗೆ ಗಾಜಿಲ್ಲ, ಹಾಗಾಗಿ ಬೆಲೆಯೂ ಕಮ್ಮಿ. ಮಕ್ಕಳಿಗೆ ಮೊಬೈಲಿನ ಕ್ಲಿಪ್ ಲೆನ್ಸ್ ಸಾಕು.

ಚಿತ್ರಕ್ಕಾಗಿ ಕೀಟ ಹಿಡಿಯಬೇಡಿ, ಗಿಡ ಮುರಿಯಬೇಡಿ. ಇಷ್ಟೊಂದು ಜೀವಗಳನ್ನು ಕಣ್ಣಾರೆ ಕಂಡ ಮಗು ನಾಳೆ ಈ ಕೆರೆಗೆ ಕಸ ಸುರಿಯಲು ಬಿಡುವುದಿಲ್ಲ.