ಹೆಪ್ಪು ಮೊದಲೋ, ಮೊಸರು ಮೊದಲೋ?

ಇದ್ದ ಮೊಸರನ್ನೆಲ್ಲ ಬಳಿದು ಅನ್ನಕ್ಕೆ ಕಲಸಿಕೊಳ್ಳುವುದು ನನ್ನ ಹಳೇ ಚಾಳಿ. ರಾತ್ರಿ ಹಾಲಿಗೆ ಹೆಪ್ಪು ಹಾಕುವ ಹೊತ್ತಿಗೆ ಪಾತ್ರೆ ಖಾಲಿ. ಕಳೆದ ಶನಿವಾರವೂ ಹಾಗೇ ಆಯಿತು. ನಾನು ಹಳೆಯ ಲ್ಯಾಪ್‌ಟಾಪಿನಲ್ಲಿ ಜಿಸಿಸಿ ಕಂಪೈಲರನ್ನು ಅದರ ಮೂಲ ಕೋಡಿನಿಂದಲೇ ಕಟ್ಟಲು ಹಚ್ಚಿ ಕೂತಿದ್ದೆ. ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು.

“ರೀ, ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ಇಸ್ಕೊಂಡು ಬನ್ನಿ.”

“ಕಂಪೈಲರ್ ಕಟ್ತಿದೀನಿ ಕಣೇ.”

“ಕಟ್ತಿರೋದು ಕಂಪ್ಯೂಟರು. ನೀವು ನೋಡ್ತಾ ಕೂತಿದೀರ ಅಷ್ಟೇ.”

ಮಾತಿನಲ್ಲಿ ತಪ್ಪಿರಲಿಲ್ಲ. ಲೋಟ ಹಿಡಿದು ಎದ್ದೆ. ಮೆಟ್ಟಿಲಿಳಿಯುವಾಗ ಹೊಳೆಯಿತು: ಮೇಲೆ ಲ್ಯಾಪ್‌ಟಾಪು ಮಾಡುತ್ತಿರುವುದೂ ಇದೇ ಕೆಲಸ!

ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರ್. ಆದರೆ ಕಂಪೈಲರೂ ಒಂದು ಪ್ರೋಗ್ರಾಮೇ ತಾನೆ? 1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಹೊರತಂದ ಜಿಸಿಸಿ ಮೊದಲು ಸಿ ಭಾಷೆಯಲ್ಲಿತ್ತು, ಈಗ ಸಿ++ನಲ್ಲಿದೆ. ಅದನ್ನು ಕಟ್ಟಲು ಇನ್ನೊಂದು ಸಿ++ ಕಂಪೈಲರ್ ಬೇಕು. ಮೊಸರಾಗಬೇಕಾದರೆ ಮೊಸರು ಬೇಕು. ಅದಕ್ಕೇ ಜಿಸಿಸಿ ಮೂರು ಸುತ್ತು ಹಾಕುತ್ತದೆ. ಕಡ ತಂದ ಕಂಪೈಲರಿನಿಂದ ಮೊದಲನೆಯದು, ಮೊದಲನೆಯದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು. ಕೊನೆಗೆ ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿ ನೋಡುತ್ತದೆ. ವ್ಯತ್ಯಾಸ ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸುತ್ತದೆ. ಪಕ್ಕದ ಮನೆಯ ರುಚಿ ಹೋಗಿ ನಮ್ಮ ಮನೆಯ ರುಚಿ ನಿಂತಿತೋ ಇಲ್ಲವೋ ಎಂಬ ಪರೀಕ್ಷೆ.

ಪಕ್ಕದ ಮನೆಯಲ್ಲಿ ದೀಪ ಆರಿತ್ತು. ಖಾಲಿ ಲೋಟದೊಂದಿಗೆ ವಾಪಸು ಬಂದೆ.

“ಒಳ್ಳೇದೇ ಆಯ್ತು ಬಿಡು,” ಎಂದರು ಅಮ್ಮ. “ಅವರ ಮನೆ ಹೆಪ್ಪು ಹುಳಿ ಕಣೋ. ಒಂದ್ಸಲ ತಂದ್ರೆ ಹಾಲು ಎಷ್ಟು ಬದಲಾಯಿಸಿದ್ರೂ ಆ ಹುಳಿ ಹೋಗಲ್ಲ.”

ಕೆನ್ ಥಾಂಪ್ಸನ್ 1984ರಲ್ಲಿ ಅಚ್ಚಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಹೇಳಿದ್ದೂ ಇದನ್ನೇ. ಕಂಪೈಲರಿನೊಳಗೆ ಒಂದು ಕುತಂತ್ರ ಅಡಗಿಸಿಟ್ಟರೆ, ಅದು ಮುಂದಿನ ಕಂಪೈಲರನ್ನು ಕಟ್ಟುವಾಗ ತನ್ನನ್ನು ತಾನೇ ಅಲ್ಲಿಗೂ ದಾಟಿಸಿಕೊಳ್ಳಬಲ್ಲದು. ಮೂಲ ಕೋಡನ್ನು ಅಕ್ಷರ ಬಿಡದೆ ಓದಿ, ಎಲ್ಲಾ ಶುದ್ಧ. ಹಾಲು ಶುದ್ಧ, ಹೆಪ್ಪು ಹುಳಿ.

ಅಂದಹಾಗೆ, ಕಂಪೈಲರಿಗೆ ಒಂಟಿಯಾಗಿ ಸಂಸಾರ ನಡೆಸಲಾಗದು. ಜೊತೆಗೆ ಬೈನ್‌ಯುಟಿಲ್ಸ್ ಎಂಬ ಚಿಲ್ಲರೆ ಸಾಮಾನುಗಳ ಡಬ್ಬಿ ಬೇಕು. ಬಿಡಿ ತುಂಡುಗಳನ್ನು ಬೆಸೆಯುವ ಎಲ್‌ಡಿ, ಬೇಡದ ಗುರುತುಗಳನ್ನು ಸುಲಿಯುವ ಸ್ಟ್ರಿಪ್, ಒಳಗೇನಿದೆ ಎಂದು ಬಿಚ್ಚಿ ತೋರಿಸುವ ಆಬ್ಜ್‌ಡಂಪ್ ಎಲ್ಲ ಅದರಲ್ಲಿವೆ. ಇವುಗಳ ಬುಡದಲ್ಲಿರುವ ಲೈಬ್ರರಿಯ ಹೆಸರು ಬಿಎಫ್‌ಡಿ. ಇಂಥದ್ದೊಂದು ಲೈಬ್ರರಿ ಬರೆಯುವುದು ಬಹಳ ಕಷ್ಟ ಎಂದು ಸ್ಟಾಲ್ಮನ್ ಹೇಳಿದಾಗ, ಅವರೊಡನೆ ಮಾತಾಡುತ್ತಿದ್ದ ಡೇವಿಡ್ ವಾಲೇಸ್ “ಅದೇನು ಮಹಾ” ಎಂಬರ್ಥದ ಒಂದು ಒರಟು ಬೈಗುಳದ ಮೂರು ಮೊದಲಕ್ಷರಗಳಲ್ಲಿ ಉತ್ತರ ಕೊಟ್ಟರಂತೆ. ಕಷ್ಟವಂತೂ ಆಯಿತು, ಬೈಗುಳವೇ ಹೆಸರಾಗಿ ಉಳಿಯಿತು. ಬೈನರಿ ಫೈಲ್ ಡಿಸ್ಕ್ರಿಪ್ಟರ್ ಎಂಬುದು ಆಮೇಲೆ ಉಡಿಸಿದ ಮರ್ಯಾದಸ್ಥ ಪಂಚೆ.

ಅದೇ ಡಬ್ಬಿಯಲ್ಲಿ ಸ್ಟ್ರಿಂಗ್ಸ್ ಎಂಬುದೊಂದಿದೆ. ಬೈನರಿ ಫೈಲಿನೊಳಗೆ ಓದಲು ಬರುವ ಅಕ್ಷರಗಳನ್ನು ಹೆಕ್ಕಿ ಕೊಡುತ್ತದೆ. ಒಮ್ಮೆ “ಕನ್ನಡ” ಎಂದು ಬರೆದ ಪ್ರೋಗ್ರಾಮಿನ ಮೇಲೆ ಓಡಿಸಿದೆ. ಇಂಗ್ಲಿಷೆಲ್ಲ ಬಂತು, ಕನ್ನಡ ನಾಪತ್ತೆ! ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಚಿಹ್ನೆಗೂ ಮೂರು ಬೈಟು, “ಕನ್ನಡ” ಎಂದರೆ 15 ಬೈಟು. ಬಿಡಿಸಿ ಹೇಳದಿದ್ದರೆ ಆ ಹಳೇ ಉಪಕರಣಕ್ಕೆ ಅದು ಅಕ್ಷರವೆಂದೇ ತಿಳಿಯದು. 2022ರ ಆವೃತ್ತಿಯಲ್ಲಿ ಯಾರೋ ಕೂತು ಯೂನಿಕೋಡಿಗೆಂದೇ ಒಂದು ಆಯ್ಕೆ ಸೇರಿಸಿದರು. ಹೀಗೆ ಸೇರಿಸುವವರ ಹೆಸರು ನಮಗೆ ಗೊತ್ತಿರುವುದಿಲ್ಲ. ಉಪಕರಣ ಕೆಟ್ಟ ದಿನ ಮಾತ್ರ ಅವರ ನೆನಪಾಗುತ್ತದೆ.

ಇತ್ತ ಅಮ್ಮ ಉಗುರುಬೆಚ್ಚಗಿನ ಹಾಲಿಗೆ ನಾಲ್ಕು ಒಣಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಟ್ಟರು. ಹೆಪ್ಪೇ ಇಲ್ಲದೆ ಮೊಸರು! ಕಂಪೈಲರ್ ಲೋಕದಲ್ಲೂ ಈ ತೊಟ್ಟನ್ನು ಹುಡುಕಿದವರಿದ್ದಾರೆ. 2023ರಲ್ಲಿ ಗೀಕ್ಸ್ (Guix) ಎಂಬ ಯೋಜನೆಯವರು ಬರೀ 357 ಬೈಟಿನ ಬೈನರಿ ಬೀಜವೊಂದರಿಂದ ಹೊರಟು, ಮೆಟ್ಟಿಲು ಮೆಟ್ಟಿಲಾಗಿ ಜಿಸಿಸಿವರೆಗೂ ಕಟ್ಟಿ ತೋರಿಸಿದರು. 357 ಬೈಟೆಂದರೆ ಕನ್ನಡದಲ್ಲಿ 119 ಚಿಹ್ನೆ. ಮದುವೆ ಕರೆಯೋಲೆಯಲ್ಲಿ ತಾತ ಮುತ್ತಾತರ ಹೆಸರು ಮುಗಿಯುವುದರೊಳಗೆ ಅಷ್ಟು ಖರ್ಚಾಗಿರುತ್ತದೆ. ಅಷ್ಟು ಚಿಕ್ಕದಾದರೆ ಒಬ್ಬ ಮನುಷ್ಯ ಕೂತು ಪೂರ್ತಿ ಪರೀಕ್ಷಿಸಬಹುದು.

ಬೆಳಿಗ್ಗೆ ನೋಡಿದರೆ ಮೊಸರು ತುಸು ತೆಳ್ಳಗಾದರೂ ಹೆಪ್ಪುಗಟ್ಟಿತ್ತು. ನನ್ನ ಜಿಸಿಸಿ ಮಾತ್ರ ಡಿಸ್ಕ್ ತುಂಬಿ ಎರಡನೇ ಸುತ್ತಿನಲ್ಲೇ ನಿಂತಿತ್ತು.

ಹೆಂಡತಿ ಬಡಿಸುವ ಮುಂಚೆ ಒಂದು ಚಮಚ ಮೊಸರನ್ನು ಪುಟ್ಟ ಬಟ್ಟಲಿಗೆ ತೆಗೆದಿಟ್ಟಳು. ಜಿಸಿಸಿಯನ್ನೂ ಬೈನ್‌ಯುಟಿಲ್ಸನ್ನೂ ಇಷ್ಟು ವರ್ಷ ಕಾಪಾಡಿಕೊಂಡು ಬಂದವರು ಮಾಡುತ್ತಿರುವುದೂ ಇಷ್ಟೇ: ಉಣ್ಣುವವರು ಉಣ್ಣಲಿ ಎಂದು ನಾಳೆಗೊಂದು ಚಮಚ ಎತ್ತಿಡುವುದು. ಆ ಬಟ್ಟಲು ಈಗ ಫ್ರಿಜ್ಜಿನ ಮೇಲಿನ ಅರೆಯಲ್ಲಿದೆ. ನಾನು ಅದನ್ನು ಮುಟ್ಟುವಂತಿಲ್ಲ.