ಟಿಟುಬಾಗೆ ಎಷ್ಟು ಮಾರ್ಕ್ಸು?

ಹಾಸ್ಟೆಲ್‌ನ ಡಿಗ್ರಿ ಮಕ್ಕಳಿಗೆ ನಿನ್ನೆ ಆರ್ಥರ್ ಮಿಲ್ಲರ್‌ನ ‘ದಿ ಕ್ರೂಸಿಬಲ್’ ನಾಟಕದ ಮೇಲೆ ಟೆಸ್ಟ್ ಕೊಟ್ಟಿದ್ದೆ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟ ಮಾಡ್ತಾರೆ ಅಂತ 19 ಜನರನ್ನ ನೇಣಿಗೆ ಹಾಕಿದ ಕತೆ. ಮಿಲ್ಲರ್ ಅದನ್ನ 1953ರಲ್ಲಿ, ಕಮ್ಯುನಿಸ್ಟರ ಬೇಟೆ ನಡೀತಿದ್ದಾಗ ರಂಗಕ್ಕೆ ತಂದ.

ನಾಯಕ ಯಾರು? ಎಲ್ಲರೂ ಜಾನ್ ಪ್ರಾಕ್ಟರ್ ಅಂತಾನೇ ಬರೆದಿದ್ರು. ಸುಳ್ಳು ತಪ್ಪೊಪ್ಪಿಗೆ ಹರಿದುಹಾಕಿ, ಹೆಸರು ಉಳಿಸಿಕೊಂಡು ಗಲ್ಲಿಗೇರಿದವನು. ಸರಿಯೇ. ಗೈಡಲ್ಲೂ ಅದೇ ಇದೆ.

ಕೊನೇ ಪ್ರಶ್ನೆ ನಾನು ಸೇರಿಸಿದ್ದು: ಮೊದಲು ತಪ್ಪೊಪ್ಪಿಕೊಂಡವರು ಯಾರು, ಯಾಕೆ? ಸುಮಾರು ಜನ ಖಾಲಿ ಬಿಟ್ಟಿದ್ರು. ಒಬ್ಬ ಹುಡುಗಿ ಬರೆದಿದ್ದಳು: “ಟಿಟುಬಾ. ಪಾದ್ರಿ ಮನೆಯ ಗುಲಾಮಳು. ಸಾಯೋವರೆಗೂ ಚಾಟಿಯಲ್ಲಿ ಹೊಡೀತೀನಿ ಅಂದ, ಒಪ್ಕೊಂಡ್ಳು. ಉಳಿಸಿಕೊಳ್ಳೋಕೆ ಅವಳಿಗೆ ಹೆಸರೆಲ್ಲಿತ್ತು ಸರ್, ಜೀವ ಒಂದೇ ಇದ್ದದ್ದು.”

ಪೆನ್ನು ಮುಂದಕ್ಕೆ ಹೋಗಲಿಲ್ಲ. ಗೌಡರ ತೋಟದಲ್ಲಿ ತೆಂಗಿನಕಾಯಿ ಕಳುವಾದಾಗ, ಕದಿಯದೇ ಇದ್ದರೂ “ತಪ್ಪಾಯ್ತು ಬುದ್ಧಿ” ಅಂತ ಕೈಮುಗಿದು ನಿಂತ ನನ್ನಪ್ಪ ನೆನಪಾದ. ಹೇಡಿ ಅಂದ್ಕೊಂಡು ನಾನು ಎಷ್ಟೋ ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಅವತ್ತು ಅವನು ಒಪ್ಪಿಕೊಂಡಿದ್ದಕ್ಕೇ ನಾವು ಆ ಊರಲ್ಲಿ ಉಳಿದೆವು, ನಾನು ಓದಿದೆ.

ಆ ಹುಡುಗಿಗೆ ಐದಕ್ಕೆ ಐದು ಕೊಟ್ಟೆ. ಅಪ್ಪನಿಗೆ ಕೊಡೋಣ ಅಂದ್ರೆ ಅವನಿಲ್ಲ.

ಜೈ ಭೀಮ್.